ಕಾಫಿ ಗಿರಣಿಯ ಸಿಪಾಯಿ

"ಇದನ್ನ ಆರು ತಿಂಗಳ ಮಟ್ಟಿಗೆ ನಮಗೆ ಕೊಡ್ತೀರಾ ಅಮ್ಮಾ?" ಎನ್ನುತ್ತ ವಸ್ತುಸಂಗ್ರಹಾಲಯದ ಅಧಿಕಾರಿ ಮೂಲೆಯಲ್ಲಿದ್ದ ಕೈಗಿರಣಿಯ ಮೇಲಿನ ಗೋಣಿಚೀಲವನ್ನು ತಾವೇ ಎತ್ತಿದರು. ಧೂಳೆದ್ದು ಅವರಿಗೆ ಸೀನು ಬಂತು. ಒಂದಲ್ಲ, ಮೂರು.

ಪುಡಿಯಕ್ಕ ಕೈಯಲ್ಲಿದ್ದ ತಗಡಿನ ಸೌಟನ್ನು ಹಿಡಿದುಕೊಂಡೇ ಎದ್ದು ಬಂದಳು. ಕಾಫಿಪುಡಿ ಅಂಗಡಿಯ ಒಡತಿಯಾದ್ದರಿಂದ ಆ ಹೆಸರು. ಬೀದಿಯಲ್ಲಿ ನಿನ್ನೆ ಮಾತು ಕಲಿತ ಮಗುವೂ ಅವಳನ್ನು ಪುಡಿಯಕ್ಕ ಎನ್ನುತ್ತಿತ್ತು, ಆ ಮಗುವಿನ ಅಜ್ಜನೂ ಪುಡಿಯಕ್ಕ ಎನ್ನುತ್ತಿದ್ದ. ಅರವತ್ತಾರು ವರ್ಷದಲ್ಲಿ ಅವಳು ಯಾರಿಗೂ ಚಿಕ್ಕಮ್ಮನೋ ಅಜ್ಜಿಯೋ ಆಗದೆ ಅಕ್ಕನಾಗಿಯೇ ಉಳಿದುಬಿಟ್ಟಿದ್ದಳು.

"ಕೊಡೋದಕ್ಕೇನು? ಆದ್ರೆ ಅದು ತಿರುಗಿ ಮೂವತ್ತು ವರ್ಷ ಆಯ್ತು."

"ತಿರುಗೋದು ಬೇಡ. ನೋಡೋಕೆ ಇದ್ರೆ ಸಾಕು."

"ಹಾಗಾದ್ರೆ ನನ್ನನ್ನೂ ಕರ್ಕೊಂಡು ಹೋಗಿ. ನಾನೂ ಅದೇ ಸ್ಥಿತೀಲಿದ್ದೀನಿ."

ಅಧಿಕಾರಿ ನಕ್ಕರು. ನಲವತ್ತು ದಾಟಿದ, ದುಂಡು ಕನ್ನಡಕದ ಮನುಷ್ಯ. ಮಾತಾಡುವಾಗ ಎರಡು ಕೈಗಳನ್ನೂ ಗಾಳಿಯಲ್ಲಿ ಆಡಿಸುವ ಅಭ್ಯಾಸ. ಹಳೆಯ ದಂಡಿನ ಕಟ್ಟಡದಲ್ಲಿದ್ದ ಸಂಗ್ರಹಾಲಯಕ್ಕೆ ಅವರು ಬಂದು ಒಂದು ವರ್ಷವಾಗಿತ್ತಷ್ಟೇ. ಬಂದವರೇ ಅಟ್ಟದ ಮೇಲಿದ್ದ ಸಾಮಾನುಗಳನ್ನೆಲ್ಲ ಇಳಿಸಿ, ತುಕ್ಕು ತೆಗೆಸಿ, ಒಂದು ದೊಡ್ಡ ಕೋಣೆಯನ್ನು ಹೊಸದಾಗಿ ಅಣಿಮಾಡುತ್ತಿದ್ದರು.

"ಒಂದು ಹಳೇ ಬಂದೂಕು ಇದೆ ಅಮ್ಮಾ. ಅದರ ಪಕ್ಕದಲ್ಲಿ ಇದನ್ನ ಇಡಬೇಕು ಅಂತ ನನ್ನ ಆಸೆ."

"ಬಂದೂಕಿನ ಪಕ್ಕ ಕಾಫಿ ಗಿರಣಿ ಯಾಕಪ್ಪಾ? ಹೊಡೆದು ಸುಸ್ತಾದವರಿಗೆ ಕಾಫಿ ಕೊಡೋದಕ್ಕಾ?"

"ಆ ಬಂದೂಕಿನ ಹೆಸರೇ ಕಾಫಿ ಗಿರಣಿ."

ಪುಡಿಯಕ್ಕ ನಕ್ಕುಬಿಟ್ಟಳು. ಅಧಿಕಾರಿಗೆ ಹುರುಪು ಬಂತು. ಪುಡಿ ಕಟ್ಟಲು ಕತ್ತರಿಸಿಟ್ಟಿದ್ದ ಕಾಗದವೊಂದನ್ನು ಎಳೆದುಕೊಂಡು, ಜೇಬಿನ ಪೆನ್ನು ತೆಗೆದು ಚಿತ್ರ ಬರೆದರು. ಎರಡು ಗಾಲಿ, ಉದ್ದನೆಯ ಒಂದೇ ನಳಿಗೆ. ನಳಿಗೆಯ ಹಿಂಬದಿಯ ಮೇಲೆ ಬಾಯಿ ತೆರೆದ ಒಂದು ಬೋಗುಣಿ. ಪಕ್ಕದಲ್ಲಿ ಕೈಯಿಂದ ತಿರುಗಿಸುವ ಹಿಡಿಕೆ.

"ನೂರ ಅರವತ್ತು ವರ್ಷದ ಹಿಂದಿನ ಮಾತು. ಆಗ ಒಂದು ಸಲ ಗುಂಡು ಹಾರಿಸಿದ್ರೆ ಮತ್ತೆ ತುಂಬೋದಕ್ಕೆ ಹೊತ್ತು ಹಿಡೀತಿತ್ತು. ಈ ಯಂತ್ರದಲ್ಲಿ ಹಾಗಲ್ಲ. ತೋಟಾಗಳನ್ನ ಮೇಲಿನ ಬೋಗುಣಿಗೆ ಸುರಿಯೋದು, ಹಿಡಿಕೆ ತಿರುಗಿಸೋದು. ಒಂದೊಂದೇ ಕೆಳಗೆ ಬೀಳ್ತಾ ಹೋಗುತ್ತೆ, ಹಾರ್ತಾ ಹೋಗುತ್ತೆ. ದೂರದ ಒಂದು ದೇಶದಲ್ಲಿ ಅಣ್ಣತಮ್ಮಂದಿರ ಯುದ್ಧ ನಡೀತಿದ್ದಾಗ ಇದು ಬಂತು. ನೋಡಿದೋರೆಲ್ಲ, ಅರೆ, ಇದು ನಮ್ಮನೆ ಕಾಫಿ ಗಿರಣಿ ಇದ್ದ ಹಾಗೇ ಇದೆಯಲ್ಲ ಅಂದ್ರು. ಮೇಲೆ ಕಾಳು ಸುರಿಯೋ ಬಾಯಿ, ಪಕ್ಕದಲ್ಲಿ ಹಿಡಿಕೆ. ಅದೇ ಹೆಸರು ಆಯ್ತು. ಇನ್ನೊಂದು ಕಡೆ, ಸಾಲಾಗಿ ನಳಿಗೆ ಜೋಡಿಸಿದ್ದ ಬೇರೊಂದು ಬಂದೂಕಿಗೆ ವಾದ್ಯದ ಹೆಸರು ಇಟ್ಟಿದ್ದರಂತೆ. ಮನುಷ್ಯರು ವಿಚಿತ್ರ, ಅಲ್ವಾ ಅಮ್ಮಾ?"

"ವಿಚಿತ್ರವೇ."

"ತಮಾಷೆ ಅಂದ್ರೆ, ನಮ್ಮ ಸೈನ್ಯಕ್ಕೂ ಎರಡು ಬಂದಿದ್ದವು. ಆಮೇಲೆ ಹೊಸ ಮಷಿನ್ ಗನ್ನುಗಳು ಬಂದವು. ಬೋಗುಣಿ ಹೋಯ್ತು, ಹಿಡಿಕೆ ಹೋಯ್ತು. ಹೆಸರು ಮಾತ್ರ ಹೋಗಲಿಲ್ಲ. ಸಿಪಾಯಿಗಳ ಬಾಯಲ್ಲಿ ಉಳಕೊಂಡುಬಿಡ್ತು. ಗಡಿ ಯುದ್ಧ ಆಯ್ತಲ್ಲ, ಆಗ ಕೂಡ ಮಷಿನ್ ಗನ್ನಿಗೆ ಹಾಕಿದವನನ್ನ, ಅವನು ಕಾಫಿ ಗಿರಣಿಯಲ್ಲಿದ್ದಾನೆ ಅಂತಲೇ ಅಂತಿದ್ರಂತೆ."

ಪುಡಿಯಕ್ಕನ ಕೈಯಲ್ಲಿದ್ದ ಸೌಟು ಓರೆಯಾಯಿತು. ಅದರಲ್ಲಿದ್ದ ಪುಡಿ ಸಣ್ಣಗೆ ಅವಳ ಕಾಲಿನ ಮೇಲೆ ಸುರಿಯಿತು. ಅಧಿಕಾರಿ ಅದನ್ನು ನೋಡಿ "ಅಮ್ಮಾ, ಪುಡಿ" ಎಂದರು. ಅವಳು ಕೆಳಗೆ ನೋಡಲಿಲ್ಲ.

"ಏನಂದ್ರಿ? ಇನ್ನೊಂದು ಸಲ ಹೇಳಿ."

*

ಆ ಗಿರಣಿಯನ್ನು ತಿರುಗಿಸುವುದಕ್ಕೆ ಒಂದು ಕಾಲದಲ್ಲಿ ಅಂಗಡಿಯಲ್ಲಿ ಜಗಳ ನಡೆಯುತ್ತಿತ್ತು. ಅಪ್ಪ ಹುರಿದ ಕಾಳನ್ನು ಹಿತ್ತಾಳೆಯ ಬೋಗುಣಿಗೆ ಸುರಿದು "ಹೂಂ" ಎನ್ನುತ್ತಲೇ ಪುಡಿಯಕ್ಕ, ಅವಳ ಅಣ್ಣ ಇಬ್ಬರೂ ಹಿಡಿಕೆಗೆ ಕೈ ಹಾಕುತ್ತಿದ್ದರು. ಕೊನೆಗೆ ಅಮ್ಮ ನ್ಯಾಯ ಮಾಡಿದ್ದಳು. ಅವನು ನೂರು ಸುತ್ತು, ಇವಳು ನೂರು ಸುತ್ತು. ಅಣ್ಣ ತನ್ನ ನೂರನ್ನು ಜೋರಾಗಿ ಎಣಿಸುತ್ತ ಎಪ್ಪತ್ತಾದ ಮೇಲೆ ಮತ್ತೆ ಅರವತ್ತಕ್ಕೆ ಇಳಿಯುತ್ತಿದ್ದ. ಅವಳು ಅದನ್ನು ಕಂಡುಹಿಡಿಯುವಷ್ಟರಲ್ಲಿ ಅವಳಿಗೆ ಏಳು ವರ್ಷ ತುಂಬಿತ್ತು. ಅದಕ್ಕೂ ಹಿಂದೆ ಎಷ್ಟು ಸುತ್ತು ಮೋಸ ಹೋದವೋ ದೇವರೇ ಬಲ್ಲ.

ಮೊದಲ ಹಿಡಿ ಕಾಳು ಹಲ್ಲಿಗೆ ಸಿಕ್ಕಾಗ ಗಿರಣಿ ಕಟಕಟ ಎಂದು ಮನೆಯೆಲ್ಲ ಅದುರುವಂತೆ ಸದ್ದು ಮಾಡುತ್ತಿತ್ತು. ಆಮೇಲೆ ಸದ್ದು ಮೆತ್ತಗಾಗುತ್ತ, ಕೆಳಗಿನ ಮರದ ಡ್ರಾಯರಿಗೆ ಪುಡಿ ಇಳಿಯುತ್ತ, ಬಿಸಿ ಪರಿಮಳ ಏಳುತ್ತಿತ್ತು. ಬೆಳಗಿನ ಬಿಸಿಲು ಅಂಗಡಿಯ ಬಾಗಿಲಿನಿಂದ ಓರೆಯಾಗಿ ಬಿದ್ದಾಗ ಆ ಪರಿಮಳ ಕಣ್ಣಿಗೇ ಕಾಣುತ್ತದೆ ಎಂದು ಅವಳು ವಾದ ಮಾಡುತ್ತಿದ್ದಳು. "ಅದು ಪರಿಮಳ ಅಲ್ಲ ಕಣೇ, ಧೂಳು" ಎಂದು ಅಣ್ಣ. "ನಿನ್ನ ತಲೆ" ಎಂದು ಅವಳು. ಅಮ್ಮ ಹಿತ್ತಲಿನ ಒಲೆಯ ಮುಂದೆ ಹುರಿಯುವ ಡಬ್ಬಿಯನ್ನು ತಿರುಗಿಸುತ್ತಲೇ "ಬೀಸೋ ಕೈ ನಿಲ್ಲಬಾರದು, ಬಾಯಿ ಬೇಕಾದ್ರೆ ನಿಲ್ಲಲಿ" ಎಂದು ಕೂಗುತ್ತಿದ್ದಳು.

ಗಡಿಯಲ್ಲಿ ಯುದ್ಧ ಶುರುವಾದಾಗ ಅಣ್ಣನಿಗೆ ಹತ್ತೊಂಬತ್ತು, ಅವಳಿಗೆ ಹದಿನೈದು. ಆ ವಯಸ್ಸಿನ ಹುಡುಗರನ್ನೆಲ್ಲ ಕರೆದರು. ಅಣ್ಣನೂ ಹೋದ. ರೈಲು ಹೊರಟಾಗ ಅಮ್ಮ ಅಳಲಿಲ್ಲ. ಮನೆಗೆ ಬಂದು, ಹುರಿಯುವ ಡಬ್ಬಿಯಲ್ಲಿ ಕಾಳು ಹಾಕಿ, ಅದು ಕರಕಾಗಿ ಹೊಗೆ ಬಂದರೂ ಇಳಿಸದೆ ಕೂತಳು. ಅಂದಿನಿಂದ ಮೂರು ತಿಂಗಳು ಅವಳು ಸರಿಯಾಗಿ ನಿದ್ದೆ ಮಾಡಿದ್ದನ್ನು ಯಾರೂ ನೋಡಲಿಲ್ಲ. ಕಣ್ಣಿನ ಕೆಳಗೆ ಗುಳಿ ಬಿದ್ದಿತು. ಗಿರಾಕಿಗಳು ಕೇಳಿದ್ದು ಒಂದಾದರೆ ಅವಳು ಕಟ್ಟಿಕೊಡುತ್ತಿದ್ದುದು ಇನ್ನೊಂದು.

ಆಗ ಆ ಕಾಗದ ಬಂತು. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಓದುವವಳೂ ಬರೆಯುವವಳೂ ಇವಳೇ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಓದಿದ್ದಳು: "ಅಮ್ಮಾ, ನಾನು ಕ್ಷೇಮ. ತರಬೇತಿ ಮುಗಿಯಿತು. ನನ್ನನ್ನು ಕಾಫಿ ಗಿರಣಿಗೆ ಹಾಕಿದ್ದಾರೆ. ಮನೆಯಲ್ಲಿ ಮಾಡುತ್ತಿದ್ದ ಕೆಲಸವೇ ಎಂದು ಇಲ್ಲಿ ಎಲ್ಲರೂ ನನ್ನನ್ನು ರೇಗಿಸುತ್ತಾರೆ."

ಅಮ್ಮ ಮೂರು ಸಲ ಓದಿಸಿದಳು. "ಕಾಫಿ ಗಿರಣಿಗೆ ಅಂತ ಬರ್ದಿದ್ದಾನಾ? ಸರಿಯಾಗಿ ನೋಡೇ." ನೋಡಿದಳು. ಹಾಗೆಯೇ ಬರೆದಿತ್ತು. ಅಮ್ಮ ಕೈಜೋಡಿಸಿದಳು. ಆಮೇಲೆ, ಮಟಮಟ ಮಧ್ಯಾಹ್ನ, ಗಿರಾಕಿಗಳು ಬಂದು ಹೋಗುತ್ತಿದ್ದಂತೆಯೇ ಕಾಳಿನ ಮೂಟೆಗೆ ಒರಗಿ ನಿದ್ದೆ ಹೋದಳು. ಅಪ್ಪ ತುಟಿಯ ಮೇಲೆ ಬೆರಳಿಟ್ಟು, ಬಂದವರಿಗೆಲ್ಲ ಸನ್ನೆಯಲ್ಲೇ ಪುಡಿ ಕಟ್ಟಿಕೊಟ್ಟ. ಅಂದು ಗಿರಣಿ ತಿರುಗಲಿಲ್ಲ.

ಸಂಜೆಯ ಹೊತ್ತಿಗೆ ಬೀದಿಗೆಲ್ಲ ಸುದ್ದಿ. ಮಗನಿಗೆ ದಂಡಿನ ಅಡುಗೆಮನೆಯಲ್ಲಿ ಕೆಲಸ, ಕಾಫಿ ಬೀಸೋದು, ಬಂದೂಕು ಮುಟ್ಟೋ ಹಾಗಿಲ್ಲ. ಅಮ್ಮ ಹೇಳಿದಂತೆ ಇವಳು ಉತ್ತರ ಬರೆದಳು. "ನಿನ್ನ ಕಾಗದ ಓದಿದ ಮೇಲೆ ಅಮ್ಮ ನಿದ್ದೆ ಮಾಡಿದಳು" ಎಂದು ತಾನಾಗಿಯೇ ಒಂದು ಸಾಲು ಸೇರಿಸಿದಳು. "ಕಾಳು ಕಡಿಮೆ ಹುರಿದಿದ್ದರೆ ಹಿಂದಕ್ಕೆ ಕೊಡು, ಬೀಸಬೇಡ" ಎಂಬುದು ಅಮ್ಮನ ಬುದ್ಧಿವಾದ. "ದಿನಕ್ಕೆ ಎಷ್ಟು ಬೀಸುತ್ತೀ?" ಎಂದೂ ಕೇಳಿಸಿದ್ದಳು.

ಅಣ್ಣನ ಉತ್ತರ ಒಂದು ತಿಂಗಳು ತಡವಾಗಿ ಬಂತು. "ಎಷ್ಟು ಬೀಸುತ್ತೇನೆ ಎಂದು ಲೆಕ್ಕ ಇಡುವುದಿಲ್ಲ ಅಮ್ಮಾ" ಎಂದಿತ್ತು. ಆಮೇಲಿನ ಕಾಗದಗಳಲ್ಲಿ ಆ ಅಡುಗೆಮನೆ ಸ್ವಲ್ಪ ಸ್ವಲ್ಪವೇ ತೆರೆದುಕೊಂಡಿತು. ಅದರ ಕಿಟಕಿಗೆ ಗಾಜಿರಲಿಲ್ಲ, ಹಾಳೆ ಅಂಟಿಸಿದ್ದರು. ಬಾಣಸಿಗನಿಗೆ ಒಂದು ಕಾಲು ಗಿಡ್ಡ, ನಶ್ಯದ ಚಟ, ಸೀನಿದರೆ ಪಾತ್ರೆಗಳು ಅಲುಗುತ್ತಿದ್ದವು. ಮೂಟೆಗಳ ಮೇಲೆ ಒಂದು ಹಳದಿ ಬೆಕ್ಕು ಮಲಗುತ್ತಿತ್ತು. ಗಿರಣಿ ನಿಂತರೆ ಎಚ್ಚರಾಗುತ್ತಿತ್ತು, ತಿರುಗಿದರೆ ಮತ್ತೆ ನಿದ್ದೆ. ಹದಿನೈದರ ಹುಡುಗಿಗೆ ಆ ಬೆಕ್ಕೆಂದರೆ ಪ್ರಾಣ. "ಬರುವಾಗ ಅದನ್ನೂ ಕರೆದುಕೊಂಡು ಬಾ" ಎಂದು ಪ್ರತಿ ಕಾಗದದ ಕೊನೆಗೂ ಬರೆಯುತ್ತಿದ್ದಳು.

ಎರಡು ವರ್ಷದ ಮೇಲೆ ಅಣ್ಣ ಬಂದ. ಬೆಕ್ಕು ಬರಲಿಲ್ಲ. "ಅದು ಬಾಣಸಿಗನ ಜೊತೆ ಹೋಯ್ತು" ಎಂದ. ಬಂದ ಮೂರನೆಯ ದಿನ ಅಪ್ಪ ಬೋಗುಣಿಗೆ ಕಾಳು ಸುರಿದು, ಹಳೆಯ ಖುಷಿಯಲ್ಲಿ "ಹೂಂ" ಎಂದ. ಅಣ್ಣ ಹಿಡಿಕೆಗೆ ಕೈ ಇಟ್ಟ. ಅರ್ಧ ಸುತ್ತು ಬಂದು ಮೊದಲ ಕಾಳು ಕಟ್ ಎಂದದ್ದೇ ಕೈ ತೆಗೆದ. ಕೈ ತೊಳೆದುಕೊಂಡು ಬರುತ್ತೇನೆಂದು ಹಿತ್ತಲಿಗೆ ಹೋದವನು ಊಟದ ಹೊತ್ತಿಗೂ ಬರಲಿಲ್ಲ. ಮರುದಿನವೂ ಏನೋ ನೆಪ. ಅದರ ಮರುದಿನವೂ. ಅಪ್ಪ ಹದಿನೈದು ದಿನ ತಡೆದುಕೊಂಡ. ಆಮೇಲೆ ಒಂದು ಬೆಳಿಗ್ಗೆ, ಅಂಗಡಿಯ ತುಂಬ ಜನರಿದ್ದಾಗ, ಅಪ್ಪನ ಬಾಯಿಂದ ಆ ಮಾತು ಬಿತ್ತು.

"ಎರಡು ವರ್ಷ ಊರೋರಿಗೆಲ್ಲ ಬೀಸಿ ಕೊಟ್ಟೋನಿಗೆ ಮನೆಗೆ ಬೀಸೋದಕ್ಕೆ ಕೈ ನೋವಾ?"

ಜನ ನಕ್ಕರು. ಅಣ್ಣನೂ ನಕ್ಕ. ಮಾರನೆಯ ವಾರ ಊರಿನ ದೊಡ್ಡ ಉದ್ಯಾನದಲ್ಲಿ ಮಾಲಿಯ ಕೆಲಸಕ್ಕೆ ಸೇರಿಕೊಂಡ. ಅಪ್ಪ ಸಾಯುವವರೆಗೂ ಇಬ್ಬರ ನಡುವೆ ನೆಟ್ಟಗೆ ಹತ್ತು ಮಾತು ನಡೆದದ್ದಿಲ್ಲ. ಅಣ್ಣ ಕಾಫಿ ಕುಡಿಯುವುದನ್ನೂ ಬಿಟ್ಟ. ಕಾಫಿಪುಡಿಯವರ ಮಗ ಬಿಸಿನೀರು ಕುಡಿಯುತ್ತಾನೆಂದು ಬೀದಿಗೆ ಇನ್ನೊಂದು ನಗೆಯಾಯಿತು. ಕಾಫಿ ಗಿರಣಿಯ ಸಿಪಾಯಿ ಎಂಬ ಹೆಸರು ಅವನಿಗೆ ಅಂಟಿದ್ದು ಆಗಲೇ. ಮಕ್ಕಳು ಹಿಂದಿನಿಂದ ಕೂಗಿದರೆ ಅವನು ತಿರುಗಿ ಸೆಲ್ಯೂಟ್ ಹೊಡೆಯುತ್ತಿದ್ದ.

ಬೇರೆಯವರ ಮಾತು ಹಾಗಿರಲಿ. ತನ್ನ ಮದುವೆಯ ದಿನ, ಊಟಕ್ಕೆ ಕೂತ ಗಂಡನ ಕಡೆಯವರಿಗೆ ಅಣ್ಣನ ಪರಿಚಯ ಮಾಡಿಸುತ್ತ ಅವಳೇ ಹೇಳಿದ್ದಳು: "ಇವನು ನಮ್ಮಣ್ಣ. ಎರಡು ವರ್ಷ ಯುದ್ಧದಲ್ಲಿದ್ದ. ಒಂದು ನೊಣಾನೂ ಹೊಡೀಲಿಲ್ಲ!" ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಗಂಡ ತೀರಿಕೊಂಡು ಎಂಟು ವರ್ಷವಾಗಿದ್ದರೂ ಆ ನಗುವಿನ ಸಾಲು ಅವಳಿಗೆ ಈಗಲೂ ಮುಖ ಮುಖವಾಗಿ ನೆನಪಿತ್ತು.

*

ಮರುದಿನ ಬೆಳಿಗ್ಗೆ ಪುಡಿಯಕ್ಕ ಅಂಗಡಿಯ ಬಾಗಿಲು ತೆರೆಯಲಿಲ್ಲ. ಒಳ್ಳೆಯ ಸೀರೆ ಉಟ್ಟು ದಂಡಿನ ಕಟ್ಟಡಕ್ಕೆ ಹೋದಳು. ಗಿರಣಿ ಕೊಡುವ ಮೊದಲು ಬಂದೂಕನ್ನು ನೋಡಬೇಕೆಂದಳು. ಅಧಿಕಾರಿ ಸಂತೋಷದಿಂದ ಕರೆದುಕೊಂಡು ಹೋದರು.

ಎತ್ತರದ ಕೋಣೆ, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನಡುವೆ ಮರದ ಹಲಗೆಯ ಮೇಲೆ ಅದು ನಿಂತಿತ್ತು. ಅವಳೆಣಿಸಿದ್ದಕ್ಕಿಂತ ಚಿಕ್ಕದು. ಬೋಗುಣಿಯ ಅಂಚು ಸವೆದು ಹೊಳೆಯುತ್ತಿತ್ತು. ಹಿಡಿಕೆಯ ಮರದ ಗುಬುಟು ಒಂದು ಕಡೆ ತಗ್ಗಿತ್ತು, ಎಷ್ಟೋ ಅಂಗೈಗಳು ಅದುಮಿದ ಕಡೆ.

"ಮುಟ್ಟಬಹುದಾ?"

"ನಿಮಗೆ ಬಿಟ್ರೆ ಇನ್ಯಾರಿಗೆ?"

ಅವಳು ಕೈ ಇಟ್ಟಳು. ಅಂಗೈ ತಾನಾಗಿಯೇ ಸುತ್ತಿಕೊಂಡಿತು, ಮೊಣಕೈ ತಾನಾಗಿಯೇ ಮಡಚಿತು. ಅವಳಿಗೆ ಭಯವಾಯಿತು. ಕೈ ಹಿಂದಕ್ಕೆ ತೆಗೆದು ಸೆರಗಿಗೆ ಒರೆಸಿಕೊಂಡಳು.

"ಒಂದು ಮಾತು ಕೇಳ್ತೀನಿ. ಗಡಿ ಯುದ್ಧದಲ್ಲಿ, ದಂಡಿನ ಅಡುಗೆಮನೇಲಿ, ಯಾರಾದ್ರೂ ನಿಜವಾಗಿ ಕಾಫಿ ಬೀಸ್ತಿದ್ರಾ?"

ಅಧಿಕಾರಿ ತಲೆಯಾಡಿಸಿದರು. "ಪುಡಿ ಡಬ್ಬಿಗಳಲ್ಲೇ ಹೋಗ್ತಿತ್ತು ಅಮ್ಮಾ. ಆ ಡಬ್ಬಿಗಳೂ ನಮ್ಮಲ್ಲಿವೆ, ಆ ಕಪಾಟಿನಲ್ಲಿ. ಬೀಸೋದಕ್ಕೆ ಅಲ್ಲಿ ಯಾರಿಗೆ ಪುರಸೊತ್ತು?" ಎಂದು ಹೇಳಿ, ಅವಳ ಮುಖ ನೋಡಿ, "ಯಾಕಮ್ಮಾ? ಯಾರಾದ್ರೂ ಇದ್ರಾ?" ಎಂದರು.

"ನಾಳೆ ಹೇಳ್ತೀನಿ" ಎಂದಳು.

*

ಉದ್ಯಾನದ ಹಿಂಬದಿಯಲ್ಲಿ, ಸಸಿಗಳ ಪಾತಿಗಳಿಗೆ ಒತ್ತಿಕೊಂಡಂತೆ ಅಣ್ಣನ ಎರಡು ಕೋಣೆಯ ಮನೆ. ನಿವೃತ್ತಿಯಾಗಿ ಹತ್ತು ವರ್ಷವಾಗಿದ್ದರೂ ಮೇಲಿನವರು ಅವನನ್ನು ಅಲ್ಲಿಂದ ಎಬ್ಬಿಸಿರಲಿಲ್ಲ, ಅವನೂ ಕತ್ತರಿ ಕೆಳಗಿಟ್ಟಿರಲಿಲ್ಲ. ಅತ್ತಿಗೆ ಬಾಗಿಲಲ್ಲೇ ಸಿಕ್ಕಿ, "ಅಂಗಡಿ ಬಾಗಿಲು ಹಾಕಿ ಬಂದಿದ್ದೀಯಾ? ಯಾರಿಗೇನಾಯ್ತೇ?" ಎಂದು ಗಾಬರಿಯಾದಳು. ಏನೂ ಇಲ್ಲ, ಅಣ್ಣನನ್ನು ನೋಡೋಣವೆಂದು, ಎಂದಾಗ ಪಾತಿಯ ಕಡೆ ಬೆರಳು ತೋರಿಸಿದಳು.

ಅಣ್ಣ ಮಣೆಯ ಮೇಲೆ ಕೂತು ತಟ್ಟೆಯಿಂದ ಎಳೆಯ ಸಸಿಗಳನ್ನು ಒಂದೊಂದಾಗಿ ಎತ್ತಿ ಕುಂಡಗಳಿಗೆ ಹಾಕುತ್ತಿದ್ದ. ಎಪ್ಪತ್ತರ ಬೆರಳುಗಳು, ಆದರೂ ಬೇರಿಗೆ ಅಂಟಿದ ಮಣ್ಣು ಉದುರುತ್ತಿರಲಿಲ್ಲ. ತಂಗಿ ಎದುರಿಗೆ ಒಂದು ಖಾಲಿ ಕುಂಡವನ್ನು ಬೋರಲು ಹಾಕಿ ಕೂತಳು.

"ಏನು ಪುಟ್ಟೀ, ಇಷ್ಟು ಹೊತ್ತಿಗೆ?"

"ಸಂಗ್ರಹಾಲಯದವರು ನಮ್ಮ ಗಿರಣಿ ಕೇಳಿದ್ದಾರೆ."

"ಕೊಟ್ಟುಬಿಡು. ಮೂಲೇಲಿ ಬಿದ್ದಿರೋದು."

"ಯಾತಕ್ಕೆ ಅಂತ ಕೇಳಲ್ವಾ?"

ಅಣ್ಣ ಕುಂಡಕ್ಕೆ ಮಣ್ಣು ಹಾಕಿ ಹೆಬ್ಬೆರಳಿನಿಂದ ಒತ್ತಿದ.

"ಒಂದು ಬಂದೂಕಿನ ಪಕ್ಕ ಇಡ್ತಾರಂತೆ. ಆ ಬಂದೂಕಿನ ಹೆಸರು ಯಾಕೆ ಬಂತು ಅಂತ ಜನಕ್ಕೆ ತಿಳೀಲಿ ಅಂತ."

ಒತ್ತುತ್ತಿದ್ದ ಬೆರಳು ಹಾಗೆಯೇ ನಿಂತಿತು. ದೂರದಲ್ಲಿ ಯಾರೋ ಹುಲ್ಲು ಕತ್ತರಿಸುತ್ತಿದ್ದರು. ಅಣ್ಣ "ಹೂಂ" ಎಂದ.

"ಯಾಕೋ ಅಣ್ಣಾ ಹೇಳಲಿಲ್ಲ? ಐವತ್ತು ವರ್ಷ!"

"ಮೊದಲು ಏನೂ ಮುಚ್ಚಿಟ್ಟಿರಲಿಲ್ಲ ಕಣೇ. ಅಲ್ಲಿ ಎಲ್ಲರೂ ಹಾಗೇ ಅಂತಿದ್ರು, ನಾನೂ ಹಾಗೇ ಬರ್ದೆ. ನಿಮಗೆ ಅರ್ಥವಾಗಲ್ಲ ಅಂತ ಹೊಳೀಲೇ ಇಲ್ಲ. ಆಮೇಲೆ ನಿನ್ನ ಕಾಗದ ಬಂತು. ಅಮ್ಮ ನಿದ್ದೆ ಮಾಡಿದಳು ಅಂತ ನೀನು ಬರ್ದಿದ್ದೆ. ನಾನು ಕಾಗದ ಹಿಡ್ಕೊಂಡು ಕೂತೆ. ನಮ್ಮ ತುಕಡಿಯವರಿಗೆಲ್ಲ ಓದಿ ಹೇಳಿದೆ, ಬಿದ್ದು ಬಿದ್ದು ನಕ್ಕರು. ತಿದ್ದಿ ಬರೀಬೇಕು ಅಂತ ಎರಡು ಸಲ ಶುರು ಮಾಡ್ದೆ. ಏನಂತ ಬರೀಲಿ? ಅಮ್ಮಾ ನೀನು ನಿದ್ದೆ ಮಾಡಬೇಡ ಅಂತಲಾ?"

"ಆ ಬಾಣಸಿಗ?"

"ಯಾರೂ ಇಲ್ಲ."

"ಕಾಲು ಗಿಡ್ಡ..."

"ಇಲ್ಲಮ್ಮಾ."

ತಂಗಿ ಕೇಳಿದಳು. "ಬೆಕ್ಕು?"

ಅಣ್ಣ ತಲೆಯೆತ್ತಿದ. "ಬೆಕ್ಕೂ ಇರಲಿಲ್ಲ ಪುಟ್ಟೀ."

ಅಲ್ಲಿಯವರೆಗೂ ತಡೆದುಕೊಂಡಿದ್ದವಳಿಗೆ ಆಗ ಅಳು ಬಂತು. ಅರವತ್ತಾರು ವರ್ಷದ ಹೆಂಗಸು, ಇಲ್ಲದ ಬೆಕ್ಕಿಗೆ ಅಳುವುದೆಂದರೇನು ಎಂದು ಅವಳಿಗೇ ನಾಚಿಕೆಯಾಯಿತು. ಆದರೂ ನಿಲ್ಲಲಿಲ್ಲ. ಅಣ್ಣ ಮಣ್ಣಿನ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಮೊಣಕಾಲಿನ ಮೇಲಿಟ್ಟುಕೊಂಡು ಕೂತಿದ್ದ.

"ಅಪ್ಪನಿಗೆ ಹೇಳಬೇಕು ಅಂತ ಒಂದು ದಿನ ಹೊರಟಿದ್ದೆ" ಎಂದ. "ಇಲ್ಲಿ ಕೆಲಸಕ್ಕೆ ಸೇರಿದ ವರ್ಷವೇ. ಅಂಗಡಿ ಬಾಗಿಲವರೆಗೂ ಬಂದೆ. ಅಮ್ಮ ಯಾರೋ ಗಿರಾಕಿಗೆ ಆ ಬೆಕ್ಕಿನ ಕಥೆ ಹೇಳ್ತಿದ್ಳು. ಗಿರಣಿ ನಿಂತ್ರೆ ಎದ್ದು ಕೂತ್ಕೊಳ್ತಿತ್ತಂತೆ ಅಂತ. ಕೈಯಲ್ಲೆಲ್ಲ ಅಭಿನಯ ಮಾಡಿ. ನಾನು ಹಾಗೇ ವಾಪಸ್ ಬಂದೆ."

"ಅಮ್ಮ ಹೋಗಿ ಇಪ್ಪತ್ತೆರಡು ವರ್ಷ ಆಯ್ತು. ನನಗಾದ್ರೂ ಹೇಳಬಹುದಿತ್ತು. ನಾನು ಎಂಥೆಂಥ ಮಾತು ಆಡಿದ್ದೀನಿ ನಿನಗೆ! ಮದುವೆ ದಿನ..."

"ಒಂದು ನೊಣಾನೂ ಹೊಡೀಲಿಲ್ಲ" ಎಂದ ಅಣ್ಣ.

"ನಿನಗೆ ನೆನಪಿದೆ."

"ಇದೆ." ಅವನು ಇನ್ನೊಂದು ಸಸಿಯನ್ನು ಎತ್ತಿದ, ನೆಡಲಿಲ್ಲ, ಬೆರಳುಗಳ ನಡುವೆ ಹಿಡಿದುಕೊಂಡ. "ನೀನು ಹಾಗೆ ಅಂದಾಗ, ಎಲ್ಲರೂ ನಕ್ಕಾಗ, ಒಂದು ಗಳಿಗೆ ಅದೇ ನಿಜ ಅನ್ನಿಸ್ತು ಕಣೇ. ನಾನು ಆ ಅಡುಗೆಮನೇಲೇ ಇದ್ದೆ ಅಂತ. ಕಿಟಕಿಗೆ ಹಾಳೆ ಅಂಟಿಸಿದ್ದು, ಬಾಣಸಿಗ ಸೀನೋದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ. ನಿಮಗೆ ಬರೀತಾ ಬರೀತಾ ನನಗೇ ಅಲ್ಲಿನ ದಾರಿ ಗೊತ್ತಾಗಿಬಿಟ್ಟಿತ್ತು. ನಾನು ಯಾರಿಗೂ ಏನೂ ಮಾಡಿಲ್ಲ ಅಂತ ಖಚಿತವಾಗಿ ನಂಬಿದೋರು ಈ ಊರಲ್ಲಿ ಒಂದು ಬೀದಿ ತುಂಬ ಇದ್ರು. ಅದನ್ನ ಯಾಕೆ ಕಳಕೊಳ್ಳಲಿ?"

ತಂಗಿ ಮೂಗು ಒರೆಸಿಕೊಂಡಳು. "ಈಗ ನಾನು ಹಾಳು ಮಾಡ್ದೆ."

"ನೀನಲ್ಲ. ಯಾರೋ ಕನ್ನಡಕದೋರು."

"ನಾನು ಕನ್ನಡಕ ಅಂದೇ ಇಲ್ಲವಲ್ಲ?"

"ಅಂಥದ್ದನ್ನೆಲ್ಲ ಕೆದಕೋರು ಕನ್ನಡಕ ಹಾಕೇ ಹಾಕಿರ್ತಾರೆ."

ಇಬ್ಬರಿಗೂ ನಗು ಬಂತು, ಅರ್ಧಕ್ಕೆ ನಿಂತಿತು. ಗಿರಣಿ ಕೊಡುವುದಿಲ್ಲವೆಂದು ನಾಳೆಯೇ ಹೇಳಿಬಿಡುತ್ತೇನೆ ಎಂದು ತಂಗಿ ಎದ್ದಳು. ಹಾಗೆ ಹೇಳಬೇಡ, ಕೊಡು ಎಂದ ಅಣ್ಣ. "ಭಾರ ಇದೆ ಅದು. ಸಾಗಿಸೋ ದಿನ ನನಗೆ ಹೇಳಿಕಳಿಸು. ಎತ್ತೋದಕ್ಕೆ ಬರದವರು ಬಂದು ಮೇಲಿನ ಬೋಗುಣಿ ಹಿಡಿದು ಎಳೆದ್ರೆ ಕಿತ್ತು ಬರುತ್ತೆ" ಎಂದ.

*

ಹಾಗೆ ಸುಮಾರು ಐವತ್ತು ವರ್ಷದ ಮೇಲೆ ಅಣ್ಣ ಅಂಗಡಿಯ ಒಳಗೆ ಕಾಲಿಟ್ಟ. ಅಪ್ಪ ಹೋದ ದಿನ, ಅಮ್ಮ ಹೋದ ದಿನ ಹಿತ್ತಲಿನ ಬಾಗಿಲಿನಿಂದ ಮನೆಗೆ ಬಂದಿದ್ದನೇ ಹೊರತು ಅಂಗಡಿಗೆ ಬಂದಿರಲಿಲ್ಲ. ಒಳಗೆ ವಿದ್ಯುತ್ ಯಂತ್ರ ಗುಂಯ್ ಎನ್ನುತ್ತಿತ್ತು. ಅವನು ಅದನ್ನು ನೋಡಿ, "ಇದಕ್ಕೆ ಸದ್ದೇ ಇಲ್ಲವಲ್ಲ" ಎಂದ. ಅಮ್ಮ ಒರಗಿ ಮಲಗುತ್ತಿದ್ದ ಜಾಗದಲ್ಲಿ ಈಗ ಡಬ್ಬಿಗಳ ಕಪಾಟು ಇತ್ತು. ಅದನ್ನೂ ನೋಡಿದ.

ಅಧಿಕಾರಿ ಇಬ್ಬರು ಆಳುಗಳ ಜೊತೆ ಬಂದಿದ್ದರು. ಅಣ್ಣನೇ ಮುಂದೆ ನಿಂತು ಎಲ್ಲಿ ಹಿಡಿಯಬೇಕು, ಹೇಗೆ ಓರೆ ಮಾಡಬೇಕು ಎಂದು ಹೇಳಿ ಗಿರಣಿಯನ್ನು ಗಾಡಿಗೆ ಏರಿಸಿದ. ಹಿಡಿಕೆ ಅಲುಗದಂತೆ ಹಗ್ಗದಿಂದ ಕಟ್ಟಿದ. ಆಮೇಲೆ ಅಧಿಕಾರಿ, ಬಂದೂಕಿನ ಮುಂದೆ ಇಡುವ ಫಲಕಕ್ಕೆ ಬರೆದಿದ್ದ ಒಕ್ಕಣೆಯನ್ನು ಪುಡಿಯಕ್ಕನಿಗೆ ತೋರಿಸಿದರು. ಅವಳು ಅದನ್ನು ಅಣ್ಣನ ಕೈಗೆ ಕೊಟ್ಟಳು. ಅವನು ಕಾಗದವನ್ನು ದೂರ ಹಿಡಿದು ತುಟಿ ಅಲುಗಿಸುತ್ತ ಓದಿದ.

"ಮೇಲೆ ತೋಟಾ ಸುರಿಯುವ ಬಾಯಿ, ಪಕ್ಕದಲ್ಲಿ ತಿರುಗಿಸುವ ಹಿಡಿಕೆ ಇದ್ದುದರಿಂದ ಸೈನಿಕರು ತಮಾಷೆಗಾಗಿ ಇದನ್ನು ಕಾಫಿ ಗಿರಣಿ ಎಂದು ಕರೆದರು."

ಅಣ್ಣ ಕೈ ಚಾಚಿದ. ಅಧಿಕಾರಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಪೆನ್ನು ಕೊಟ್ಟರು. ಅಣ್ಣ ಕಾಗದವನ್ನು ಗಲ್ಲಾದ ಮೇಲಿಟ್ಟು, ಒಂದು ಪದದ ಮೇಲೆ ನಿಧಾನವಾಗಿ ಗೆರೆ ಎಳೆದ.

"'ತಮಾಷೆಗಾಗಿ' ಬೇಡವಾ? ಹಾಗಾದ್ರೆ ಅಲ್ಲಿ ಏನು ಹಾಕಲಿ?"

"ಏನೂ ಬೇಡ. ಹಾಗೆ ಕರೆದರು ಅಂದ್ರೆ ಸಾಕು."

ಅಧಿಕಾರಿ ತಂಗಿಯ ಮುಖ ನೋಡಿದರು. "ನಮ್ಮಣ್ಣ ಗಡಿ ಯುದ್ಧದಲ್ಲಿದ್ದ" ಎಂದಳು ಅವಳು. ಅಷ್ಟೇ ಹೇಳಿದಳು. ಅಧಿಕಾರಿಯ ಎರಡು ಕೈಗಳೂ ಮೊದಲ ಸಲ ಸುಮ್ಮನೆ ಇಳಿದಿದ್ದವು. ಕಾಗದವನ್ನು ಮಡಚಿ ಜೇಬಿಗೆ ಇಟ್ಟುಕೊಂಡರು.

ಕೋಣೆ ತೆರೆದ ದಿನ ಅಣ್ಣ ಹೋಗಲಿಲ್ಲ. ಸಸಿಗಳಿಗೆ ಹುಳು ಬಿದ್ದಿದೆ ಎಂದ. ಮರುದಿನವೂ ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಡಿಯ ಮುಂದೆ ಬಂದು ನಿಂತು, "ನಡಿ, ನೋಡಿಕೊಂಡು ಬರೋಣ" ಎಂದ. ಪುಡಿಯಕ್ಕ ಯಂತ್ರ ನಿಲ್ಲಿಸಿ, ಕೈ ತೊಳೆದು ಹೊರಟಳು. ದಾರಿಯಲ್ಲಿ ಅವನು ಮರಗಳ ಮಾತಾಡಿದ. ರಸ್ತೆ ಅಗಲ ಮಾಡುವಾಗ ಯಾವ ಯಾವುದನ್ನು ಕಡಿದರು, ಯಾವುದು ಮತ್ತೆ ಚಿಗುರಿತು ಎಂದು.

ಕೋಣೆಯಲ್ಲಿ ಜನ ಹೆಚ್ಚಿರಲಿಲ್ಲ. ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಕತ್ತಿಗಳ ಕಪಾಟು ನೋಡುತ್ತಿದ್ದಳು. ನಡುವಿನ ಹಲಗೆಯ ಮೇಲೆ ಬಂದೂಕು, ಅದರ ಎಡಕ್ಕೆ ಒರೆಸಿ ಎಣ್ಣೆ ಹಚ್ಚಿದ ಗಿರಣಿ. ಅವುಗಳ ಮುಂದೆ, ಮಾಸಿದ ದಂಡಿನ ಕೋಟು ತೊಟ್ಟ ಒಬ್ಬ ಮುದುಕ ಊರುಗೋಲಿನ ಮೇಲೆ ಎರಡೂ ಕೈ ಇಟ್ಟು ನಿಂತಿದ್ದ. ಅವನು ಫಲಕ ಓದುತ್ತಿರಲಿಲ್ಲ. ಬಂದು ಬಹಳ ಹೊತ್ತಾಗಿತ್ತೆಂದು ಅವನು ನಿಂತ ರೀತಿಯಲ್ಲೇ ತಿಳಿಯುತ್ತಿತ್ತು. ಬಾಗಿಲಲ್ಲಿದ್ದ ಕಾವಲುಗಾರ ಪುಡಿಯಕ್ಕನ ಕಿವಿಯಲ್ಲಿ, "ನಿನ್ನೆಯೂ ಬಂದಿದ್ರು" ಎಂದ.

ಅಣ್ಣ ಬಾಗಿಲಲ್ಲಿ ಒಂದು ಗಳಿಗೆ ನಿಂತ. ತಂಗಿ ಜೊತೆಗೆ ಹೋಗೋಣವೆಂದು ಹೆಜ್ಜೆ ಎತ್ತಿದವಳು ಯಾಕೋ ಇಳಿಸಿಬಿಟ್ಟಳು. ಅಣ್ಣ ಒಬ್ಬನೇ ಹೋಗಿ ಆ ಮುದುಕನ ಪಕ್ಕದಲ್ಲಿ ನಿಂತ. ಇಬ್ಬರೂ ಬಂದೂಕಿನ ಕಡೆಯೇ ನೋಡುತ್ತ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಮುದುಕ ಊರುಗೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಅರ್ಧ ಹೆಜ್ಜೆ ಆ ಕಡೆಗೆ ಸರಿದು, ಅಣ್ಣನಿಗೆ ಜಾಗ ಮಾಡಿಕೊಟ್ಟ.